ಒಳಗೆ ಕುಟುಂಬ, ಹೊರಗೆ ರೋಗಿ

ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಕುಟುಂಬ ಸಹಿತ ಚಿಕಿತ್ಸಾ ಯೋಜನೆಯು ಅತ್ಯಂತ ಯಶಸ್ವಿಯಾಗಿ ನಡೆಯುತ್ತಿದ್ದು, ಅದು ನಿಲ್ಲುವ ಯಾವ ಸಂಭವವೂ ಇಲ್ಲ. ಈ ಯಶಸ್ಸಿನಲ್ಲಿ ಬೀಗ ರಿಪೇರಿಯವನೊಬ್ಬನ ಪಾಲೂ ಇದೆ ಎಂಬುದನ್ನು ದಾಖಲಿಸುವುದು ನ್ಯಾಯ.

ಅವನಿಗಿದ್ದ ತೊಂದರೆ ಒಂದೇ. ಬೀಗಕ್ಕೆ ಕೀಲಿ ತೂರಿಸುವ ಹೊತ್ತಿಗೆ ಎದೆ ಡವಗುಟ್ಟಿ ಕೈ ನಡುಗುತ್ತಿತ್ತು. ಇಪ್ಪತ್ತು ವರ್ಷ ಕಣ್ಣುಮುಚ್ಚಿ ಮಾಡಿದ ಕೆಲಸ; ಈಗ ಗಿರಾಕಿಯ ಎದುರಿಗೇ ಕೀಲಿ ಬೀಗದ ಕಿಂಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಸುತ್ತುತ್ತಿತ್ತು. ಮನೆಯಲ್ಲಿ ಹೇಳಲು ನಾಚಿಕೆ, ಹೇಳದಿದ್ದರೆ ಅಂಗಡಿಯೇ ಮುಚ್ಚಬೇಕಾದೀತೆಂಬ ಭಯ. ಡಾಕ್ಟರಮ್ಮನ ಹತ್ತಿರ ಈ ಒಂದು ಮಾತು ಹೇಳಿ ಹಗುರಾಗೋಣ ಎಂದು ಒಂದು ಮಂಗಳವಾರ ಒಬ್ಬನೇ ಬಂದ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ಅವನ ಬೆನ್ನ ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಗೋಡೆಯ ಪ್ರಕಟಣೆಯತ್ತ ಬೆರಳು ತೋರಿಸಿದರು.

“ರೋಗಿಯು ಕನಿಷ್ಠ ನಾಲ್ವರು ಸಂಬಂಧಿಕರೊಡನೆ ಹಾಜರಾಗತಕ್ಕದ್ದು. ಸಂಬಂಧಿಕರು ಕೊಠಡಿಯೊಳಗೆ ಆಸೀನರಾಗತಕ್ಕದ್ದು. ಕೊಠಡಿಯಲ್ಲಿ ಸಂದರ್ಶಕರ ಕುರ್ಚಿಗಳು ನಾಲ್ಕು. ರೋಗಿಯು ತನಗೆ ತಾನೇ ಸಂಬಂಧಿಕನೆಂದು ಹೇಳಿಕೊಳ್ಳತಕ್ಕದ್ದಲ್ಲ.”

ಹಿಂದೊಬ್ಬ ಹಾಗೆ ಹೇಳಿಕೊಂಡು ಒಳಗೆ ನುಗ್ಗಿದ್ದರಿಂದ ಕೊನೆಯ ಸಾಲು ಸೇರಿಸಬೇಕಾಯಿತೆಂದು ಗುಮಾಸ್ತರು ಬೇಸರದಿಂದ ವಿವರಿಸಿದರು.

ಮುಂದಿನ ಮಂಗಳವಾರ ಅವನು ಹೆಂಡತಿ, ಅತ್ತೆ, ನಾದಿನಿ ಮತ್ತು ಸೋದರಮಾವನನ್ನು ಹೊರಡಿಸಿಕೊಂಡು ಬಂದ. ನಾಲ್ವರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಅವನು ಪಡಸಾಲೆಯ ಬೆಂಚಿನ ಮೇಲೆ ಕುಳಿತು ತನ್ನ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡ.

ಒಳಗೆ ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು. ಅಳಿಯ ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕುವುದು, ಸೋದರಮಾವನ ಕೊಡೆ ಒಯ್ದು ಹಿಂದಿರುಗಿಸದಿದ್ದುದು, ನಾದಿನಿಯ ಮಾತನ್ನು ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದಿದ್ದುದು. ದೂರು ಹೇಳುವುದರಲ್ಲಿ ಅತ್ತೆ ಮೊದಲೇ ಎತ್ತಿದ ಕೈ. ಅವರ ದೂರನ್ನು ಯಾರಾದರೂ ಬರೆದುಕೊಂಡದ್ದು ಮಾತ್ರ ಜೀವನದಲ್ಲಿ ಇದೇ ಮೊದಲು. ಹೊರಗೆ ಬಂದಾಗ ಅವರ ಮುಖ ಕಳೆಕಳೆಯಾಗಿತ್ತು.

“ನಿನ್ನ ವಿಷಯ ಎಲ್ಲಾ ಹೇಳಿದ್ದೀವಿ. ನೀನೇನೂ ತಲೆ ಕೆಡಿಸ್ಕೋಬೇಡ,” ಎಂದರು.

ಆರು ವಾರದಲ್ಲಿ ಅತ್ತೆಗೆ ಚೆನ್ನಾಗಿ ನಿದ್ದೆ ಬರತೊಡಗಿತು, ಸೋದರಮಾವ ಕೊಡೆಯನ್ನು ಮನಸಾರೆ ಕ್ಷಮಿಸಿದ. ಮೇಲಿನ ಕಚೇರಿಯಿಂದ ಮೆಚ್ಚುಗೆಯ ಸುತ್ತೋಲೆ ಬಂತು: ಕುಟುಂಬವು ಗಣನೀಯವಾಗಿ ಗುಣಮುಖವಾಗುತ್ತಿದ್ದು, ಯೋಜನೆಯ ಸುಸ್ಥಿರತೆಯ ದೃಷ್ಟಿಯಿಂದ ರೋಗಿಯನ್ನು ಈಗಿರುವ ಸ್ಥಿತಿಯಲ್ಲೇ ಕಾಪಾಡಿಕೊಂಡು ಬರತಕ್ಕದ್ದು.

ಏಳನೆಯ ಮಂಗಳವಾರ ಕೊಠಡಿಯ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಬೀಗ ಕಚ್ಚಿಕೊಂಡಿತ್ತು. ಗುಮಾಸ್ತರು ಕೀಲಿ ತಂದು ಬೀಗ ರಿಪೇರಿಯವನ ಕೈಗಿತ್ತರು. ಕೀಲಿ ಕಿಂಡಿಯ ಸುತ್ತ ಕುಣಿಯಿತು, ಒಳಗೆ ಹೋಗಲಿಲ್ಲ. ಅವನು ಸೋತು ಮಂಡಿಯೂರಿ, ಕಿಂಡಿಗೆ ಬಾಯಿಟ್ಟು, ಏಳು ವಾರದಿಂದ ಕಾಪಿಟ್ಟಿದ್ದ ಮಾತನ್ನು ಹೇಳಿಯೇಬಿಟ್ಟ.

“ಡಾಕ್ಟರೇ, ಬೀಗಕ್ಕೆ ಕೀಲಿ ಹಾಕೋವಾಗ ನನ್ನ ಕೈ ನಡುಗುತ್ತೆ. ತುಂಬಾ ಭಯ ಆಗುತ್ತೆ.”

ಒಳಗೆ ಪೆನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

“ಯಾರು ಮಾತಾಡ್ತಿರೋದು?” ಎಂದರು ಡಾಕ್ಟರಮ್ಮ.

“ರೋಗಿ.”

ರೋಗಿಯ ಮಾತಿಗೆ ನಮೂನೆಯಲ್ಲಿ ಜಾಗವಿಲ್ಲ, ಸಂಬಂಧಿಕರು ಹೇಳಿದ್ದನ್ನಷ್ಟೇ ಬರೆದುಕೊಳ್ಳಬಹುದು ಎಂದು ಡಾಕ್ಟರಮ್ಮ ಮೃದುವಾಗಿ ತಿಳಿಸಿದರು. ಅತ್ತೆಗೆ ಕರುಳು ಚುರುಕ್ಕೆಂದಿತು. ಬರೆದುಕೊಳ್ಳಿ, ನಾನೇ ಹೇಳುತ್ತೇನೆ ಎಂದು ಅಳಿಯನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಮಾತ್ರೆಯನ್ನು ಹೇಳಿಕೆ ಕೊಟ್ಟವರ ಹೆಸರಿಗೇ ಬರೆಯಬೇಕೆಂಬ ನಿಯಮವಿದ್ದುದರಿಂದ ಅದು ಅತ್ತೆಯ ಹೆಸರಿಗೆ ಮಂಜೂರಾಗಿ ಕಿಟಕಿಯ ಮೂಲಕ ಒಳಗೆ ಹೋಯಿತು. ಅತ್ತೆ ಅಲ್ಲೇ ನುಂಗಿದರು.

ಬಾಗಿಲು ತೆರೆಯಲು ಯಾರೂ ಅವಸರ ಮಾಡಲಿಲ್ಲ. ಕೊಠಡಿಗೆ ಬಚ್ಚಲುಮನೆ ಹೊಂದಿಕೊಂಡಿತ್ತು. ಎಡೆಬಿಡದ ಹಾಜರಾತಿ ಎಂದು ಗುಮಾಸ್ತರು ದಪ್ಪ ಅಕ್ಷರದಲ್ಲಿ ಬರೆದರು. ಬೀಗ ರಿಪೇರಿಯವನು ದಿನಾ ಎರಡು ಹೊತ್ತು ಕ್ಯಾರಿಯರ್ ತಂದು ಕಿಟಕಿಯಲ್ಲಿ ಒಂದೊಂದೇ ಡಬ್ಬಿ ದಾಟಿಸಿದ. ಮನೆಯಲ್ಲಿ ಅವನ ಟವೆಲ್ ಕುರ್ಚಿಯ ಮೇಲೇ ಒಣಗಿತು. ಹೇಳಬೇಕಾದ್ದನ್ನು ಹೇಳಿಯಾಗಿದ್ದರಿಂದ ಎದೆಯೂ ಹಗುರಾಗಿತ್ತು.

ಎಂಟನೆಯ ಮಂಗಳವಾರ ಅವನು ಬೀಗಕ್ಕೆ ಎಣ್ಣೆ ಬಿಟ್ಟು ಕೀಲಿ ಹಾಕಿದ. ಸಲೀಸಾಗಿ ಒಳಗೆ ಹೋಯಿತು. ತಿರುಗಿಸಿದ, ಬೀಗ ತೆರೆಯಿತು. ಅವನಿಗೆ ಕುಣಿದಾಡುವಷ್ಟು ಸಂತೋಷವಾಯಿತು.

“ಅತ್ತೇ, ಕೈ ನಡುಗ್ತಿಲ್ಲ!”

“ಒಳ್ಳೇದಾಯ್ತು. ಇರು, ಡಾಕ್ಟರಿಗೆ ಹೇಳ್ತೀನಿ,” ಎಂದರು ಅತ್ತೆ ಒಳಗಿನಿಂದ. ಅತ್ತೆಯ ಕೈ ನಡುಗುತ್ತಿಲ್ಲವೆಂದು ದಾಖಲಾಯಿತು. ಅದು ನಿಜವೂ ಆಗಿತ್ತು.

ಬಾಗಿಲು ತೆಗೆದರೆ ಹಾಜರಾತಿ ಮುರಿಯುತ್ತದೆ, ರೋಗಿಗೆ ಗುಣವಾಗಿದೆಯೆಂದು ಗೊತ್ತಾದರೆ ಕುಟುಂಬಕ್ಕೆ ರೋಗಿಯೇ ಇಲ್ಲದಂತಾಗಿ ಚಿಕಿತ್ಸೆ ನಿಲ್ಲುತ್ತದೆ ಎಂದು ಗುಮಾಸ್ತರು ಅವನ ಕಿವಿಯಲ್ಲಿ ಹೇಳಿದರು. ಒಳಗೆ ನಾದಿನಿ ಏನೋ ಹೇಳುತ್ತಿದ್ದಳು, ಉಳಿದವರು ಸುಮ್ಮನೆ ಕೇಳುತ್ತಿದ್ದರು. ಆ ಮನೆಯಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ.

ಬೀಗ ರಿಪೇರಿಯವನು ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ಬಾಗಿಲನ್ನು ಎರಡು ಸಲ ಜಗ್ಗಿ, ಬೀಗ ಗಟ್ಟಿಯಾಗಿದೆಯೆಂದು ನೋಡಿಕೊಂಡು, ಬೆಂಚಿನ ಮೇಲೆ ಹೋಗಿ ಕುಳಿತ.