ತಪ್ಪು ಯಂತ್ರದ್ದೋ, ನನ್ನದೋ

ಮಕ್ಕಳ ಮೇಲೆ ದೂರು ಬಂದಾಗ ತಂದೆತಾಯಿ ಮೊದಲು ಪಕ್ಕದ ಮನೆಯ ಮಕ್ಕಳ ಕಡೆ ನೋಡುತ್ತಾರಲ್ಲ, ಸ್ವಂತ ಕೈಯಿಂದ ಪ್ರೋಗ್ರಾಮ್ ಬರೆದವನೂ ಹಾಗೆಯೇ. ಏನೋ ಕೆಟ್ಟಿದೆ ಎಂದ ಕೂಡಲೇ ನನ್ನ ಕಣ್ಣು ಯಂತ್ರದ ಮೇಲೆ ಬೀಳುತ್ತದೆ. ಈ ಗುಣಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಧೈರ್ಯವಿಲ್ಲ.

ನನಗೆ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ. ನಲ್ಲಿ, ವಾಶ್‌ಬೇಸಿನ್‌ಗಳ ವ್ಯಾಪಾರ. ಧಣಿಗಳು ಭಟ್ಕಳದ ಇಸ್ಮಾಯಿಲ್ ಸಾಹೇಬರು. ಲಾರಿಯವರಿಗೆ ಕೊಡುವ ಡೆಲಿವರಿ ಚೀಟಿಗೆಂದು ಮೂರು ತಿಂಗಳು ಕೂತು ನಾನೇ ಒಂದು ಪ್ರೋಗ್ರಾಮ್ ಬರೆದಿದ್ದೆ. ಅದು ಶುರುವಾದ ಮೇಲೆ ಕಂಪ್ಯೂಟರ್ ದಿನಕ್ಕೊಮ್ಮೆ ತನ್ನಷ್ಟಕ್ಕೇ ಆಫ್ ಆಗಿ ಆನ್ ಆಗತೊಡಗಿತು. ಹೊರಗೆ ಲಾರಿಗಳ ಸಾಲು, ಒಳಗೆ ಕಪ್ಪು ಪರದೆ. ನಾನು ನೋಡಲು ಕೂತರೆ ಮಾತ್ರ, ಡಾಕ್ಟರ ಮುಂದೆ ಕೆಮ್ಮು ಮಾಯವಾಗುವಂತೆ, ಎಲ್ಲ ಸರಿ.

"ಶನಿವಾರದವರೆಗೆ ನೋಡ್ತೇನೆ. ಸರಿಯಾಗದಿದ್ರೆ ಖಲಾಸ್, ಪುನಃ ಕೈಯಲ್ಲೇ ಬರೆಯುವ," ಎಂದರು ಸಾಹೇಬರು. ಮೂರು ತಿಂಗಳ ಕೆಲಸ ಕಸದಬುಟ್ಟಿಗೆ!

ರಿಪೇರಿಗೆ ಬರುವವಳು ಕಾಪುವಿನ ಪ್ರಮೀಳಾ. ದೋಷ ಯಂತ್ರದ್ದೇ ಎಂದು ಅವಳಿಗೆ ಮೊದಲೇ ತೀರ್ಪು ಕೊಟ್ಟುಬಿಟ್ಟೆ. ಅವಳು ಕಂಪ್ಯೂಟರಿನ ಡಬ್ಬವನ್ನು ಏಸಿ ಕೆಳಗಿನ ಮೇಜಿಗೆ ತಂದು, ಮುಚ್ಚಳ ಬಿಚ್ಚಿ, ನನ್ನ ಪ್ರೋಗ್ರಾಮನ್ನು ಬದಿಗಿಟ್ಟು, ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷೆ ಓಡಿಸಿದಳು. ಎರಡು ಗಂಟೆಯಾದರೂ ಒಂದು ತಪ್ಪಿಲ್ಲ.

"ಯಂತ್ರ ಪಾಪದ್ದು ಅಣ್ಣ. ನಿಮ್ಮ ಪ್ರೋಗ್ರಾಮನ್ನೇ ಒಮ್ಮೆ ನೋಡಿ."

ಎರಡು ದಿನ ನೋಡಿದೆ. ಸ್ವಂತ ಬರಹವನ್ನು ಸಂಶಯದಿಂದ ಓದುವಷ್ಟು ಸಂಕಟ ಬೇರೆ ಇಲ್ಲ. ಒಂದೆರಡು ಕಾಗುಣಿತದ ತಪ್ಪು ಬಿಟ್ಟರೆ ಏನೂ ಸಿಗಲಿಲ್ಲ. ಆದರೆ ಒಂದು ವಿಷಯ ಗಮನಕ್ಕೆ ಬಂತು: ಕಂಪ್ಯೂಟರ್ ಆಫ್ ಆಗುವುದು ಊಟದ ನಂತರ ಮಾತ್ರ. ಪ್ರಮೀಳಾಳಿಗೆ ಫೋನ್ ಮಾಡಿದೆ.

"ಅಯ್ಯೋ ದೇವರೇ! ನಾನು ಪರೀಕ್ಷೆ ಮಾಡಿದ್ದು ತಂಪಿನಲ್ಲಿ ಅಲ್ವಾ ಅಣ್ಣ? ಅದು ದಿನಾ ಇರುವುದು ಬಿಸಿಲು ಹೊಡೆಯುವ ಶಟರಿನ ಹತ್ತಿರ!"

ಈ ಬಾರಿ ಮುಚ್ಚಳ ಹಾಕಿ, ಶಟರಿನ ಹತ್ತಿರವೇ ಇಟ್ಟು ಓಡಿಸಿದಳು. ನಲವತ್ತು ನಿಮಿಷಕ್ಕೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಗೆರೆಗಳು. ಡಬ್ಬದೊಳಗಿನ ಎರಡು ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ, ಬಿಸಿಯಾದರೆ ಕೈಕೊಡುವ ಪಟ್ಟಿ ಯಾವುದೆಂದು ತಿಳಿಯಿತು. ಶುಕ್ರವಾರ ಹೊಸದು ಬಂತು. ನಾನು ಇಡೀ ಗೋದಾಮಿಗೆ ಕರಕ್ ಚಹಾ ಕುಡಿಸಿ, ನನ್ನ ನಿರಪರಾಧಿತ್ವವನ್ನು ಸಾರಿಕೊಂಡು ಬಂದೆ.

ಹಗಲೂ ರಾತ್ರಿಯೂ ಓಡುವ ಕಂಪ್ಯೂಟರ್ ನಾಲ್ಕು ದಿನ ಒಮ್ಮೆಯೂ ಆಫ್ ಆಗಲಿಲ್ಲ. ಐದನೆಯ ದಿನ ತೆವಳತೊಡಗಿ, ಮಧ್ಯಾಹ್ನದ ಹೊತ್ತಿಗೆ ಚೀಟಿಯ ನಡುವೆಯೇ ನಿಂತುಬಿಟ್ಟಿತು. ಪ್ರಮೀಳಾ ಬಂದು ನೋಡಿ, ನಗು ತಡೆದುಕೊಂಡಳು.

"ಅಣ್ಣ, ನಿಮ್ಮ ಪ್ರೋಗ್ರಾಮ್ ಪ್ರತಿ ಚೀಟಿಗೂ ಸ್ವಲ್ಪ ಮೆಮೊರಿ ಹಿಡಿದುಕೊಂಡು ವಾಪಸ್ ಬಿಡುವುದೇ ಇಲ್ಲ. ಮೊದಲು ದಿನಾ ಆಫ್ ಆದಾಗ ಹಿಡಿದದ್ದೆಲ್ಲ ಖಾಲಿಯಾಗ್ತಿತ್ತಲ್ಲ, ಹಾಗಾಗಿ ಗೊತ್ತಾಗ್ಲಿಲ್ಲ."

ಅಂದರೆ ಆ ಕೆಟ್ಟ ಪಟ್ಟಿಯೇ ಇಷ್ಟು ದಿನ ನನ್ನ ಮಾನ ಕಾಪಾಡಿತ್ತು! ಪ್ರೋಗ್ರಾಮಿಗೆ ಮೆಮೊರಿ ವಾಪಸ್ ಬಿಡುವ ಒಂದು ಸಾಲು ಸೇರಿಸಿದೆ. ಅಂದಿನಿಂದ ಚೀಟಿಗಳು ಸರಾಗವಾಗಿ ಬರುತ್ತಿವೆ. ಕೈಯಲ್ಲಿ ಬರೆಯುವ ಮಾತನ್ನು ಯಾರೂ ಎತ್ತಿಲ್ಲ.

ಅಂದೇ, ಪ್ರಮೀಳಾಳ ಎದುರಿಗೇ, ಏನಾಗಿತ್ತೆಂದು ಸಾಹೇಬರು ಕೇಳಿದಾಗ ಗಟ್ಟಿ ಮನಸ್ಸು ಮಾಡಿ, "ತಪ್ಪು ನನ್ನದೇ ಸಾಹೇಬ್ರೆ," ಎಂದೆ.

"ಬಿಡಿ ಮಾರಾಯ್ರೆ, ಆ ಹುಡುಗಿಯನ್ನು ಉಳಿಸ್ಲಿಕ್ಕೆ ನೀವ್ಯಾಕೆ ತಲೆ ಕೊಡುವುದು?" ಎಂದು ಅವರು ಮೆಚ್ಚುಗೆಯಿಂದ ನನ್ನ ಬೆನ್ನು ತಟ್ಟಿದರು. ಪ್ರಮೀಳಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ತಪ್ಪೊಪ್ಪಿಕೊಂಡಿದ್ದೆ. ಅದನ್ನು ನಂಬಿಸಲು ಪರದೆ ತೋರಿಸಿ ಅರ್ಧ ಗಂಟೆ ವಾದಿಸಬೇಕಾಯಿತು.