ಮುಂದಿನ ಸಾಲಿನ ಕುರ್ಚಿ ಮತ್ತು ನೇರಳೆ ಗೌನು

ಟೈಲರಪ್ಪನಿಗೆ ಇದ್ದದ್ದು ಒಂದೇ ಚಟ. ಬಿಚ್ಚಿದ ಹೊಲಿಗೆ ಕಂಡರೆ ಸುಮ್ಮನಿರಲಾರ. ಬಸ್ಸಿನಲ್ಲಿ ಮುಂದೆ ನಿಂತವರ ಕಾಲರು ಬಾಯಿಬಿಟ್ಟಿದ್ದರೆ ಸಾಕು, ಇವನ ಬೆರಳು ತಾನಾಗಿ ಸೂಜಿ ಹುಡುಕುತ್ತಿತ್ತು. ಹೀಗಿರುವಾಗ ಬೆಳಿಗ್ಗೆ ಮಗಳು ಅವನ ಮಿಷನ್ನಿನ ಮೇಲೆ ಹಳೆಯ ನೇರಳೆ ಗೌನೊಂದನ್ನು ಹಾಕಿ, "ಅಪ್ಪಾ, ನಾಲ್ಕು ಗಂಟೆಗೆ ಇದನ್ನ ಕಮ್ಯುನಿಟಿ ಹಾಲಿಗೆ ತಂದುಬಿಡು. ಮರೆತರೆ ನನ್ನ ಮಾನ ಹೋಗುತ್ತೆ" ಎಂದು ಓಡಿದಳು. ಅವಳು ಬೀದಿಯ ತಿರುವು ದಾಟುವ ಮೊದಲೇ ಅವನ ಕಣ್ಣಿಗೆ ಅದು ಬಿತ್ತು: ಗೌನಿನ ಪಕ್ಕದ ಹೊಲಿಗೆ ಕಂಕುಳಿನಿಂದ ಸೊಂಟದವರೆಗೆ ಬಿಚ್ಚಿಕೊಂಡಿತ್ತು. ಕಾಲು ಗಂಟೆಯಲ್ಲಿ ಹೊಲಿದು, ಪಕ್ಕದ ಅಂಗಡಿಯ ಇಸ್ತ್ರಿಯವನಿಂದ ಇಸ್ತ್ರಿ ಹಾಕಿಸಿ, ಮಡಚಿಟ್ಟ.

ಹಾಲಿನಲ್ಲಿ ಆ ದಿನ ಬಡಾವಣೆಯ ಕಲಾಪ್ರದರ್ಶನ. ಟ್ರಾನ್ಸ್‌ಜೆಂಡರ್ ಜನ, ಹೆಣ್ಣನ್ನೇ ಮೆಚ್ಚಿದ ಹೆಣ್ಣುಗಳು, ಗಂಡನ್ನೇ ಮೆಚ್ಚಿದ ಗಂಡುಗಳು ಎಲ್ಲ ಸೇರಿ ತಮ್ಮ ಬದುಕನ್ನು ತಾವೇ ಬಿಡಿಸಿ ತೂಗುಹಾಕುವ ಕಾರ್ಯಕ್ರಮ. ಹತ್ತೊಂಬತ್ತು ವರ್ಷ ಆ ಮನೆಯಲ್ಲಿ ಮಗನೆನಿಸಿಕೊಂಡು ಓಡಾಡಿದ ಮಗಳದ್ದೂ ಅಲ್ಲೊಂದು ಕೃತಿಯಿತ್ತು. ತಾನು ಹೆಣ್ಣೆಂದು ಅವಳು ಎರಡು ವರ್ಷದ ಹಿಂದೆ ಹೇಳಿದಾಗ ಟೈಲರಪ್ಪ ಕೂಗಾಡಲಿಲ್ಲ. ನಾಲಿಗೆಯನ್ನು ಮಾತ್ರ ಪಳಗಿಸಬೇಕಾಯಿತು. "ಬಾರೋ" ಬಿಟ್ಟು "ಬಾರೇ" ಎನ್ನುವುದನ್ನು ಎಷ್ಟು ಅಭ್ಯಾಸ ಮಾಡಿದನೆಂದರೆ, ಈಗ ಅಂಚೆಯವನನ್ನೂ "ಬಾರೇ" ಎಂದೇ ಕರೆಯುತ್ತಿದ್ದ.

ಆದರೆ ಹೋದ ವರ್ಷದ ಪ್ರದರ್ಶನಕ್ಕೆ ಅರ್ಜೆಂಟ್ ಕೆಲಸವೆಂದು ಸುಳ್ಳು ಹೇಳಿ ಅಂಗಡಿಯೊಳಗೆ ಅಡಗಿದ್ದ. ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಈ ಸಲ ಸಮಯಕ್ಕೆ ಬಂದು, ಮುಂದಿನ ಸಾಲಿನಲ್ಲಿ ಕೂರುವುದಾಗಿ ಆಣೆ ಮಾಡಿದ್ದ. ಅವಳು ಕುರ್ಚಿಯೊಂದಕ್ಕೆ "ಅಪ್ಪ" ಎಂದು ಚೀಟಿ ಕೂಡ ಅಂಟಿಸಿ ಬಂದಿದ್ದಳು.

ಮೂರು ಗಂಟೆಗೆ ಎದುರಿನ ಔಷಧಿ ಅಂಗಡಿಯ ಅಕ್ಕ ಕರಪತ್ರ ಬೀಸುತ್ತ ಬಂದಳು.

"ಟೈಲರಪ್ಪಾ, ಮಗಳ ಹೆಸರು ಅಚ್ಚಾಗಿದೆ! ಕೇಳಿ: 'ಬಿಚ್ಚಿದ ಹೊಲಿಗೆ. ಹಳೆಯ ಉಡುಪಿನಲ್ಲಿ ಮಾಡಿದ ಕಲಾಕೃತಿ.'"

ಟೈಲರಪ್ಪನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. "ಹಳೇ ಉಡುಪಾ?"

"ಬೆಳಿಗ್ಗೆ ಇಸ್ತ್ರಿ ಹಾಕಿಸಿದ್ರಲ್ಲ, ಅದೇ ಇರ್ಬೇಕು!" ಕರೆಯದಿದ್ದರೂ ಇಸ್ತ್ರಿಯವನು ಒಳಗೆ ಬಂದಾಗಿತ್ತು. "ಅಯ್ಯೋ, ಒಂದು ಕಲೇನ ಹೊಲಿದು ಮುಚ್ಚಿಬಿಟ್ರಲ್ರೀ!"

ಮಗಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಟೈಲರಪ್ಪ ಬ್ಲೇಡು ತೆಗೆದುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಸ್ವಂತ ಹಲ್ಲು ಕೀಳುವವನಂತೆ ಮುಖ ಮಾಡಿಕೊಂಡು ಬಿಚ್ಚಿದ.

ಅಕ್ಕ ಮೂಗು ಮುರಿದಳು. "ಇಷ್ಟು ನೀಟಾಗಿ ಬಿಚ್ಚಿದ್ರೆ ಹೇಗೆ? ಇದ್ರಲ್ಲಿ ನೋವೇ ಇಲ್ಲ."

"ಬಟ್ಟೆಗೆ ಎಲ್ಲೀ ನೋವಕ್ಕಾ?"

"ಕಲೆ ಅಂದ್ಮೇಲೆ ನೋವಿರ್ಬೇಕಪ್ಪ."

"ಎಳೀರಿ," ಎಂದ ಇಸ್ತ್ರಿಯವನು. "ನಾನು ಈ ಕಡೆ ಹಿಡ್ಕೋತೀನಿ."

ಇಬ್ಬರೂ ಎಳೆದರು. ಹೊಲಿಗೆ ಪರ್ರನೆ ಸೊಂಟ ದಾಟಿ ಅಂಚಿನವರೆಗೆ ಓಡಿತು. ಒಂದು ತೋಳು ಕಿತ್ತು ಇಸ್ತ್ರಿಯವನ ಕೈಗೆ ಬಂತು; ಅವನು ತೋಳಿನ ಸಮೇತ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಕೂತ.

"ಈಗ ನೋವು ಬಂತು," ಎಂದಳು ಅಕ್ಕ, ತೃಪ್ತಿಯಿಂದ.

ನಾಲ್ಕಕ್ಕೆ ಐದು ನಿಮಿಷವಿತ್ತು. ಟೈಲರಪ್ಪ ಗೌನನ್ನು ಎದೆಗೆ ಅವುಚಿಕೊಂಡು ಓಡಿದ. ಅವನ ಹಿಂದೆ ತೋಳು ಹಿಡಿದ ಇಸ್ತ್ರಿಯವನು, ಅವನ ಹಿಂದೆ ಅಂಗಡಿಗೆ ಬೀಗ ಹಾಕಿದ ಅಕ್ಕ.

ಹಾಲಿನ ಬಾಗಿಲಲ್ಲಿ ಪ್ರದರ್ಶನದ ಮೇಲ್ವಿಚಾರಕಿ ಕಂಡಕ್ಟರಮ್ಮ ನಿಂತಿದ್ದಳು. ಅವಳೂ ಟ್ರಾನ್ಸ್ ಹೆಣ್ಣು. ಇಪ್ಪತ್ತು ವರ್ಷದ ಬಸ್ಸಿನ ಕೆಲಸ ಗಂಟಲಲ್ಲಿ ಉಳಿದಿತ್ತು. "ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ನಿಲ್ಲಬೇಡಿ!"

ಒಳಗೆ ನಡೆದ ಟೈಲರಪ್ಪ ನಡುಗೋಡೆಯ ಎದುರು ನಿಂತೇಬಿಟ್ಟ. ಅಲ್ಲೊಂದು ಪುಟ್ಟ ಶಾಲೆಯ ಅಂಗಿ ತೂಗುತ್ತಿತ್ತು. ಅವನೇ ಹೊಲಿದಿದ್ದು, ಮೊದಲ ದಿನ ಮಗು ಶಾಲೆಗೆ ಹೋಗುವಾಗ. ಅದರ ಪಕ್ಕದ ಹೊಲಿಗೆ ಬಿಚ್ಚಿತ್ತು. ಒಳಗಿನಿಂದ ಹೂವಿನ ಬಟ್ಟೆ ಇಣುಕುತ್ತಿತ್ತು. ಅವನ ಅಂಗಡಿಯಿಂದ ಕದ್ದ ಚೂರುಗಳನ್ನು ಯಾವುದೋ ಪುಟ್ಟ ಕೈ ಅಂಕುಡೊಂಕಾಗಿ ಜೋಡಿಸಿತ್ತು. ಕೆಳಗೆ ಫಲಕ: "ಬಿಚ್ಚಿದ ಹೊಲಿಗೆ."

"ಅಪ್ಪಾ! ಗೌನೆಲ್ಲಿ?" ಮಗಳು ಬಣ್ಣ ಮೆತ್ತಿದ ಪ್ಯಾಂಟಿನಲ್ಲಿ ಓಡಿಬಂದಳು. "ಇನ್ನೈದು ನಿಮಿಷಕ್ಕೆ ನನ್ನ ಭಾಷಣ, ಹಾಕ್ಕೋಬೇಕು!"

ಟೈಲರಪ್ಪ ಗೌನು ಕೊಟ್ಟ. ಇಸ್ತ್ರಿಯವನು ತೋಳು ಕೊಟ್ಟ.

"ಏನಿದು?"

"ನೀನು... ಹೊಲಿ ಅಂತ ಹೇಳ್ಲಿಲ್ಲ."

"ನಿನಗೆ ಹೇಳ್ಬೇಕಾ? ಬಿಚ್ಚಿದ್ದು ಕಂಡ್ರೆ ನೀನು ಬಿಡ್ತೀಯಾ? ಹುಟ್ಟಿದಾಗಿಂದ ನೋಡ್ತಿದೀನಿ!"

"ಹೊಲಿದಿದ್ದೆ ಕಣೇ. ಆಮೇಲೆ ಬಿಚ್ಚಿದೆ."

"ಯಾಕೆ?"

"ನಿನ್ನ ಮಾನ ಉಳಿಸೋಕೆ."

ಮಗಳು ಹಣೆ ಹಣೆ ಚಚ್ಚಿಕೊಂಡಳು. ಟೈಲರಪ್ಪ ಕಾಲರಿನಿಂದ ಸೂಜಿ ಕಿತ್ತು, ತೂಗುತ್ತಿದ್ದ ಪುಟ್ಟ ಅಂಗಿಯ ಕೆಳಗೆ ನೆಲದ ಮೇಲೆಯೇ ಕೂತು ಹೊಲಿಯತೊಡಗಿದ. ಒಬ್ಬರು ನಿಂತರು, ನಾಲ್ವರಾದರು, ಗುಂಪಾಯಿತು.

"ಮೇಲೆ ಬಿಚ್ಚಿದ ಅಂಗಿ, ಕೆಳಗೆ ಹೊಲಿಯೋ ಅಪ್ಪ! ಎಂಥಾ ಯೋಚನೆ ರೀ!" ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ನಾನು ಕಲಾಕೃತಿ ಅಲ್ಲಮ್ಮಾ, ಟೈಲರು."

"ಮಾತೂ ಆಡ್ತಾರೆ!"

ಕಂಡಕ್ಟರಮ್ಮ ಸೀಟಿ ಊದಿ, ಅವನ ಸುತ್ತ ಹಗ್ಗ ಕಟ್ಟಿಸಿದಳು. "ಮುಟ್ಟಬೇಡಿ, ದೂರದಿಂದ ನೋಡಿ!" ಆಮೇಲೆ ಮುಂದಿನ ಸಾಲಿನ ಖಾಲಿ ಕುರ್ಚಿಯಿಂದ "ಅಪ್ಪ" ಎಂಬ ಚೀಟಿಯನ್ನು ಕಿತ್ತು ತಂದು ಹಗ್ಗಕ್ಕೆ ಅಂಟಿಸಿದಳು. ಮಗಳು ಬಣ್ಣದ ಪ್ಯಾಂಟಿನಲ್ಲೇ ಭಾಷಣ ಮಾಡಿದಳು. ಅವನು ಅದನ್ನು ಜನರ ಮೊಣಕಾಲುಗಳ ಸಂದಿಯಿಂದ ಕೇಳಿದ.

ಆರು ಗಂಟೆಗೆ ಕೊನೆಯ ಹೊಲಿಗೆ ಮುಗಿಯಿತು. ದಾರ ಕಚ್ಚಿ ತುಂಡು ಮಾಡಿ ಎದ್ದ. "ಆಯ್ತು. ನಾನು ಹೊರಟೆ."

"ಎಲ್ಲಿಗೆ?" ಕಂಡಕ್ಟರಮ್ಮ ಹಗ್ಗ ಬಿಚ್ಚಲಿಲ್ಲ. "ಪ್ರದರ್ಶನ ಹತ್ತು ದಿನ ಇದೆ. ದಿನಾ ನಾಲ್ಕಕ್ಕೆ ಬಂದು ಕೂತ್ಕೋಬೇಕು."

"ಹೊಲಿದು ಮುಗೀತಲ್ಲ ತಾಯಿ! ನಾಳೆ ಏನನ್ನ ಹೊಲೀಲಿ?"

ಮಗಳು ಗೌನನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಒಂದೇ ಒಂದು ಎಳೆ ಆಚೀಚೆ ಆಗಿರಲಿಲ್ಲ. ಆ ದಿನ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

"ಅದಕ್ಕ್ಯಾಕೆ ಚಿಂತೆ ಅಪ್ಪಾ? ದಿನಾ ಬೆಳಿಗ್ಗೆ ನಾನು ಬಿಚ್ಚಿಡ್ತೀನಿ."

ಗುಂಪಿನ ಹಿಂದಿನಿಂದ ಇಸ್ತ್ರಿಯವನು ಕೈಯೆತ್ತಿದ.

"ನಾನು ಈ ಕಡೆ ಹಿಡ್ಕೋತೀನಿ."