ಪಾಲಿನ ಪ್ರಾಕ್ಟೀಸು
ಹೊಸಹೊಳಲಿನ ಮರಿಸ್ವಾಮಿಯವರಿಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಮಹಾನ್ ಯೋಚನೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಪಾಪ, ಇವತ್ತಿಗೂ ಮನೆಯ ಯಜಮಾನರೆಂದು ಮೀಸೆ ತಿರುವಿಕೊಂಡು ಇರುತ್ತಿದ್ದರು.

ಆದದ್ದು ಇಷ್ಟು. ವಿಲ್ಲು ಬರೆಸೋಣವೆಂದು ಕೆ.ಆರ್. ಪೇಟೆಗೆ ಹೋಗಿ, ಪತ್ರ ಬರೆಯುವ ಶ್ರೀನಿವಾಸಯ್ಯನವರ ಮುಂದೆ ಕೂತರು. ಅವರು ಪೆನ್ನಿನ ಮುಚ್ಚಳ ತೆಗೆದು, "ಯಾರಿಗೆ ಏನು ಬರೀಲಿ?" ಅಂದದ್ದೇ ತಡ, ಮರಿಸ್ವಾಮಿಯವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ನಾಲೆ ಬಯಲಿನ ಗದ್ದೆಯನ್ನು ದೊಡ್ಡವನಿಗೆ ಬರೆದರೆ ಚಿಕ್ಕವನು ಉರಿದುಬೀಳುತ್ತಾನೆ. ಮಗಳಿಗೆ ಬರೆದರೆ ಇಬ್ಬರೂ ಕೂಡಿ ಉರಿಯುತ್ತಾರೆ. ಪಕ್ಕದ ಮನೆಯ ದಾಸಯ್ಯ ಸತ್ತ ಮೇಲೆ ಅವನ ಮಕ್ಕಳು ಒಂದು ಪಂಪ್‌ಸೆಟ್ಟಿಗಾಗಿ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ. (ಪಂಪ್‌ಸೆಟ್ಟು ಗುಜರಿಗೆ ಹೋಗಿ ಒಂಬತ್ತು ವರ್ಷವಾಯಿತು. ಕೇಸು ಮಾತ್ರ ಗಟ್ಟಿಮುಟ್ಟಾಗಿದೆ.)

ವಿಲ್ಲು ಬರೆಸದೆಯೇ ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ಬೆಟ್ಟಮ್ಮ, ಊರ ನಾಟಕ ಆಡಕ್ಕೆ ಮೂರು ತಿಂಗ್ಳು ಪ್ರಾಕ್ಟೀಸು ಮಾಡ್ತೀವಿ. ಸಾಯಕ್ಕೆ ಒಂದಿನನಾದ್ರೂ ಮಾಡ್ಬ್ಯಾಡ್ವಾ?"

"ಅದುಕ್ಯಾಕೆ ಪ್ರಾಕ್ಟೀಸು? ಒಂದೇ ಸಲ ಅಲ್ವಾ ಆಡಾದು," ಎಂದರು ಬೆಟ್ಟಮ್ಮ.

ಭಾನುವಾರ ಮೂವರೂ ಮಕ್ಕಳು ಹಾಜರು. ಊರಲ್ಲೇ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ದೊಡ್ಡ ಮಗ ಶಿವಶಂಕರ, ಪಾಂಡವಪುರದಲ್ಲಿ ಮೇಷ್ಟರಾಗಿರುವ ರವೀಂದ್ರ, ದೇವಲಾಪುರಕ್ಕೆ ಕೊಟ್ಟಿರುವ ಕೊನೆಯ ಮಗಳು ಅನು. ಮರಿಸ್ವಾಮಿಯವರು ಜಗಲಿಯ ಮೇಲೆ ಪದ್ಮಾಸನ ಹಾಕಿ ಕೂತು ಘೋಷಿಸಿದರು:

"ನಾನು ಸತ್ತೋಗಿವ್ನಿ. ಈಗ ಪಾಲು ಮಾಡ್ಕಳಿ. ನಮ್ಮಟ್ಟಿ ಪದ್ಧತಿ ಗೊತ್ತಲ್ಲ? ದೊಡ್ಡೋನು ಪಾಲು ಆಕ್ಬೇಕು, ಚಿಕ್ಕೋರು ಮೊದ್ಲು ಆರಿಸ್ಕಬೇಕು. ಮಿಕ್ಕಿದ್ದು ದೊಡ್ಡೋನ್ಗೆ."

ಮಿಕ್ಕಿದ್ದು ತನ್ನ ತಲೆಗೇ ಬರುತ್ತದಲ್ಲ ಎಂಬ ಭಯಕ್ಕೆ ದೊಡ್ಡವನು ಗುಲಗಂಜಿ ತೂಕವೂ ಹೆಚ್ಚುಕಮ್ಮಿ ಮಾಡುವುದಿಲ್ಲ. ಶಿವಶಂಕರ ಸುಣ್ಣದಲ್ಲಿ ಮೂರು ಸುತ್ತು ಎಳೆದ. ಇಟ್ಟಿಗೆ ಚೂರು ಅಂದರೆ ಮನೆ, ಹಿಡಿ ಬತ್ತ ಅಂದರೆ ಗದ್ದೆ, ಕಾಯಿಚಿಪ್ಪು ಅಂದರೆ ತೆಂಗಿನ ತೋಟ, ಹಗ್ಗದ ತುಂಡು ಅಂದರೆ ಹಸುಗಳು, ಬೀಗದ ಕೈ ಅಂದರೆ ಟ್ರಾಕ್ಟರು. ಹತ್ತೇ ನಿಮಿಷ. ಅನು ಒಂದು ಆರಿಸಿದಳು, ರವೀಂದ್ರ ಒಂದು ಆರಿಸಿದ, ಮುಗಿಯಿತು.

ಮರಿಸ್ವಾಮಿಯವರಿಗೆ ಇದು ಮೊದಲ ಆಘಾತ. "ಒಬ್ರಾದ್ರೂ ಅತ್ರೇನ್ಲಾ?"

"ಸತ್ತೋರು ಮಾತಾಡಂಗಿಲ್ಲ ಕಣಪ್ಪ," ಎಂದಳು ಅನು.

ಆಮೇಲೆ ಶಿವಶಂಕರ ಅವ್ವನ ಗುರುತಿಗೆಂದು ಅವಳ ಬಳೆಯೊಂದನ್ನು ಇಸಿದುಕೊಂಡು ತನ್ನ ಸುತ್ತಿನಲ್ಲಿಟ್ಟ. ಆಗ ನೋಡಿ ಹತ್ತಿಕೊಂಡಿತು ಕುರುಕ್ಷೇತ್ರ! "ಅವ್ವ ನಂಗೆ!" ಎಂದು ರವೀಂದ್ರ ಕಿತ್ತುಕೊಂಡ. "ನಂಗೆ ಗದ್ದೆನೇ ಬ್ಯಾಡ, ಅವ್ವನ್ನ ಕೊಡ್ರೋ," ಎಂದು ಅನು ಅತ್ತೇಬಿಟ್ಟಳು.

ಬರೀ ಬೆಟ್ಟಮ್ಮನಿಗೇ ಇಷ್ಟು ಕಿತ್ತಾಟವಾದರೆ ಸಾಕ್ಷಾತ್ ಯಜಮಾನನಿಗೆ ಇನ್ನೆಷ್ಟು! ಮರಿಸ್ವಾಮಿಯವರ ಎದೆ ಉಬ್ಬಿತು. "ತಡೀರಿ, ಇನ್ನೊಂದು ಸಲ ಆಡಿ. ನಾನು ಬದ್ಕಿವ್ನಿ. ನಿಮ್ಮವ್ವ ಸತ್ತೋಗವ್ಳೆ," ಎಂದು ತಮ್ಮ ಗುರುತಿಗೆ ಕನ್ನಡಕ ಬಿಚ್ಚಿ ಕೊಟ್ಟರು.

ಕನ್ನಡಕ ಒಂದು ಸುತ್ತಿಗೆ ಬಿತ್ತು. ಅನು ಪಕ್ಕದ್ದನ್ನು ಆರಿಸಿದಳು. ರವೀಂದ್ರ ಅದರ ಪಕ್ಕದ್ದನ್ನು ಆರಿಸಿದ.

"ಪಾಲು ಸಮ ಆಗಿಲ್ಲ ತಡೀರ್ಲಾ," ಎಂದು ಶಿವಶಂಕರ ಬೆವರು ಒರೆಸಿಕೊಂಡು, ಬತ್ತವನ್ನೆಲ್ಲ ಕನ್ನಡಕದ ಪಕ್ಕಕ್ಕೆ ಸುರಿದ. ಯಾರೂ ಮುಟ್ಟಲಿಲ್ಲ. ಮನೆ ಸೇರಿಸಿದ. ಊಹೂಂ.

"ಅಪ್ಪ ಸಾರಿಗೆ ಉಪ್ಪು ಸಾಲ್ದು ಅಂದ್ರೆ ನಮ್ಮತ್ತೆ ತಟ್ಟೆನೇ ಎತ್ಕೊಂಡು ಓಗ್ತರೆ," ಎಂದಳು ಅನು.

"ನಮ್ಮನೇಲಿ ಅಪ್ಪ ಟಿವಿ ಆಕಿದ್ರೆ ಬಸ್‌ಸ್ಟ್ಯಾಂಡ್‌ಗಂಟ ಕೇಳ್ತದೆ. ಬಾಡಿಗೆ ಮನೆ ಕಣಣ್ಣ," ಎಂದ ರವೀಂದ್ರ.

ತೆಂಗಿನ ತೋಟ ಬಂತು, ಹಸುಗಳು ಬಂದವು, ಟ್ರಾಕ್ಟರೂ ಬಂತು. ಕೊನೆಗೆ ಕನ್ನಡಕದ ಸುತ್ತಿನಲ್ಲಿ ಸಮಸ್ತ ಚರಾಚರ ಆಸ್ತಿ. ಉಳಿದೆರಡರಲ್ಲಿ ಒಂದು ಹುಣಸೆಬೀಜ, ಅಂದರೆ ಹಿತ್ತಿಲ ಹುಣಸೆಮರ, ಇನ್ನೊಂದರಲ್ಲಿ ಒಂದು ಮುರುಕು ಗಾಡಿಚಕ್ರ. ಅನು ಹುಣಸೆಮರ ತೆಗೆದುಕೊಂಡಳು. ರವೀಂದ್ರ ಸಂತೋಷದಿಂದ ಚಕ್ರ ಎತ್ತಿಕೊಂಡ.

ಇಡೀ ಆಸ್ತಿ ಗೆದ್ದ ಶಿವಶಂಕರನ ಮುಖ ಹರಳೆಣ್ಣೆ ಕುಡಿದಂತಿತ್ತು. "ಅಪ್ಪ, ನಿನ್ ಮ್ಯಾಲೆ ಪ್ರೀತಿ ಇಲ್ದೆ ಅಲ್ಲ," ಎಂದ. "ಆದ್ರೆ ಅವ್ವ ಸಾಯಾ ಆಟ ಬ್ಯಾಡ ಕಣಪ್ಪ."

ಮರಿಸ್ವಾಮಿಯವರು ಬಗ್ಗಿ ಕನ್ನಡಕದ ಸುತ್ತನ್ನು ನೋಡಿದರು. ಜೀವಮಾನವಿಡೀ ದುಡಿದು ಕೂಡಿಸಿದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೂ ತಮ್ಮೊಬ್ಬರನ್ನು ಸರಿದೂಗಿಸಲು ಸಾಲಲಿಲ್ಲವಲ್ಲ! ಕಣ್ಣು ಮಂಜಾಯಿತು. (ಕನ್ನಡಕ ಇರಲಿಲ್ಲವೆಂದು ಆಮೇಲೆ ಸಮಜಾಯಿಷಿ ಕೊಟ್ಟರು.)

ನಿಯಮದ ಪ್ರಕಾರ ಸತ್ತಿದ್ದ ಬೆಟ್ಟಮ್ಮ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟರು: "ಸತ್ತೋರು ಮಾತಾಡ್ಬಾರ್ದು, ಆದ್ರೂ ಒಂದ್ಮಾತು. ನಲವತ್ತೈದು ವರ್ಷದ ಇಂದೆ ನಮ್ಮಪ್ಪ ಇದೇ ಪಾಲ್ನ ನನ್ ತಲೆಗೆ ಕಟ್ದಾಗ, ಜೊತೆಗೆ ಒಂದು ಹಗ್ಗನೂ ಸೇರಿಸ್ನಿಲ್ಲ."

ಸೋಮವಾರ ಬೆಳಿಗ್ಗೆ ಮರಿಸ್ವಾಮಿಯವರು ಶ್ರೀನಿವಾಸಯ್ಯನವರ ಮುಂದೆ ಕೂತಿದ್ದರು.

"ಬರ್ಕಳಿ ಸ್ವಾಮಿ. ಮೂರು ಜನಕ್ಕೂ ಸಮಪಾಲು. ಅದು ಅಂಗಿರ್ಲಿ, ಮೊದಲ್ನೇ ಷರತ್ತು ಇದು: ನನ್ನ ಎಂಡ್ತಿ ಬೆಟ್ಟಮ್ಮ ನನಗಿಂತ ಮುಂಚೆ ಸಾಯಕೂಡದು."

ಶ್ರೀನಿವಾಸಯ್ಯ ಎಷ್ಟೋ ವಿಲ್ಲು ಬರೆದವರು. ನಗು ನುಂಗಿಕೊಂಡು, "ಇದಕ್ಕೆ ಅವರ ಒಪ್ಪಿಗೆ ರುಜು ಬೇಕಾಗುತ್ತೆ, ಯಜಮಾನ್ರೇ," ಎಂದರು. ಮರಿಸ್ವಾಮಿಯವರು ಅದನ್ನೇ ಕಾನೂನೆಂದು ನಂಬಿ, ಕಾಗದ ಮಡಚಿಕೊಂಡು ಬಂದು, ಪೆನ್ನಿನ ಸಮೇತ ಹೆಂಡತಿಯ ಮುಂದೆ ಹಿಡಿದರು.

ಬೆಟ್ಟಮ್ಮ ಅಕ್ಷರ ಅಕ್ಷರ ಕೂಡಿಸಿ ಓದಿದರು. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇರ್ಲಿ. ಯೋಚ್ನೆ ಮಾಡಿ ಯೋಳ್ತೀನಿ."

ಅವತ್ತಿನಿಂದ ಆ ಮನೆಯಲ್ಲಿ ಬೆಳಗಿನ ಕಾಫಿಯನ್ನು ಮರಿಸ್ವಾಮಿಯವರೇ ಕಾಯಿಸಿ, ಲೋಟದಲ್ಲಿ ಆರಿಸಿ, ಬೆಟ್ಟಮ್ಮ ಕೂತಲ್ಲಿಗೆ ತಂದುಕೊಡುತ್ತಿದ್ದಾರೆ. ಎರಡು ತಿಂಗಳಾಯಿತು. ರುಜು ಇನ್ನೂ ಬಿದ್ದಿಲ್ಲ.